ಮಾಳಿಗೆಯ ಮೇಲಿಂದ ಕಂಡದ್ದು

ಬೆಳಗಿನ ನಮಾಜು ಮುಗಿಸಿ ಕೈಯೆತ್ತಿದಾಗ ಇಜ್ಜಾ ನಾಲ್ಕು ಹೆಸರು ಹೇಳುತ್ತಾಳೆ. ನೆರೆಮನೆಯ ತೂದಾ, ಮಸೀದಿಯ ಗುರು ಸಿ ಬಿಹಿ, ಅವರ ತಮ್ಮನ ಮಗಳು ಕಲ್ತೂಮ್, ಕೊನೆಗೆ ಅತ್ತೆ ಮಮ್ಮಾಸ್. ಮೊದಲ ಮೂರು ಹೆಸರು ಸಲೀಸಾಗಿ ಬರುತ್ತವೆ. ಅತ್ತೆಯ ಹೆಸರಿಗೆ ಬಂದಾಗ ಮಾತ್ರ ಇವತ್ತಿಗೂ ನಾಲಿಗೆ ಒಂದು ಗಳಿಗೆ ತಡೆಯುತ್ತದೆ. ಮೂವತ್ತೈದು ವರ್ಷ ತನ್ನನ್ನು ಬೈದವಳಿಗೆ ಒಳ್ಳೆಯದನ್ನು ಬೇಡುವುದು ಅಷ್ಟು ಬೇಗ ರೂಢಿಯಾಗುವುದಿಲ್ಲ.

ಇಜ್ಜಾ ತಲಾತ್ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ಸೂಸ್ ಸೀಮೆಯ ಬೆಟ್ಟದ ಊರುಗಳೆಲ್ಲದರಂತೆ ತಲಾತ್ ಕೂಡ ಗಂಡಸರು ಹಬ್ಬಕ್ಕೆ ಬಂದುಹೋಗುವ ಊರು. ಅವಳ ಗಂಡ ಜಾಮಾ, ಊರವರು ಕಾಸಾ ಎನ್ನುವ ಕಾಸಾಬ್ಲಾಂಕಾದ ಒಂದು ಗಲ್ಲಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಹನ್ನೊಂದು ತಿಂಗಳು ಅಲ್ಲಿ, ಬಕ್ರೀದಿನ ಆಸುಪಾಸು ಒಂದು ತಿಂಗಳು ಇಲ್ಲಿ. ಅಲ್ಲಿ ಅವನು ಗಲ್ಲಾಪೆಟ್ಟಿಗೆಯ ಪಕ್ಕ ಹಲಗೆ ಹಾಸಿ ಮಲಗುತ್ತಾನೆಂದು ಇಜ್ಜಾಗೆ ಗೊತ್ತಿತ್ತು. ಅವನದೂ ದುಡಿಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ದುಡಿಮೆಗೆ ಊರಿನಲ್ಲಿ ಹೆಸರಿತ್ತು. ಜಾಮಾ ಕಾಸಾದಲ್ಲಿ ದುಡೀತಾನೆ ಎನ್ನುತ್ತಿದ್ದರು. ಇಜ್ಜಾ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಮನೇಲಿದ್ದಾಳೆ ಎನ್ನುತ್ತಿದ್ದರು.

ಮನೆಯಲ್ಲಿರುವುದೆಂದರೆ ನಸುಕಿಗೇ ಕಣಿವೆಯ ಬಾವಿಗಿಳಿದು, ತುಂಬಿದ ಕೊಡವನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ ಬರುವುದು. ಜವೆಗೋಧಿ ಬೀಸಿ ರೊಟ್ಟಿ ಸುಡುವುದು, ಹಸುವಿಗೆ ಹುಲ್ಲು ತರುವುದು, ಆಡು ಬಿಚ್ಚುವುದು. ಬಿಸಿಲೇರಿದ ಮೇಲೆ ನೆರಳಿನಲ್ಲಿ ಕೂತು ಅರ್ಗಾನ್ ಕಾಯಿಯ ಗಟ್ಟಿ ಓಟೆಯನ್ನು ಕಲ್ಲಿನ ಮೇಲಿಟ್ಟು ಕಲ್ಲಿನಿಂದಲೇ ಒಡೆಯುವುದು, ಒಳಗಿನ ಬೆರಳುಗುರಿನಷ್ಟು ತಿರುಳನ್ನು ಹುರಿದು ಅರೆದು ಎಣ್ಣೆ ಹಿಂಡುವುದು. ಜಾಮಾ ಬರುವ ತಿಂಗಳು ಈ ಕೆಲಸ ಇಮ್ಮಡಿಯಾಗುತ್ತಿತ್ತು. ಅವನನ್ನು ನೋಡಲು ಬಂದವರಿಗೆಲ್ಲ ಚಹಾ, ಬಾದಾಮಿ, ಊಟ. ವರ್ಷವಿಡೀ ಕಾದ ಗಂಡನ ಪಕ್ಕ ಕೂತು ಒಂದು ಲೋಟ ಚಹಾ ಕುಡಿಯಲು ಅವನು ಹೊರಡುವ ಹಿಂದಿನ ದಿನವೇ ಅವಳಿಗೆ ಬಿಡುವು.

ಮದುವೆಯಾದ ಎರಡನೆಯ ವರ್ಷ ಜಾಮಾ ಊರಿನ ಕೆಳಗಿನ ಒಂದು ಕಲ್ಲು ಇಳಿಜಾರನ್ನು ಕೊಂಡ. ಮುಳ್ಳು, ಬಂಡೆ, ಹಾವು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಕೊಂಡು, ಕಾಗದ ಮಾಡಿಸಿ, ಅಂಗಡಿಗೆ ಹೋದ. ಆ ಇಳಿಜಾರಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಒಡ್ಡು ಕಟ್ಟಿ, ಹಳ್ಳದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತುಂಬಿ, ಹನ್ನೆರಡು ವರ್ಷದಲ್ಲಿ ಏಳು ಹಂತದ ಹೊಲ ಮಾಡಿದವಳು ಇಜ್ಜಾ. ಎರಡು ಹಂತದಲ್ಲಿ ಜವೆಗೋಧಿ, ಐದರಲ್ಲಿ ಬಾದಾಮಿ. ಆಮೇಲೆ ಮೇಲ್ತುದಿಯಲ್ಲಿ ಮಳೆನೀರಿಗೆ ನೆಲದಡಿ ತೊಟ್ಟಿ ತೋಡಿಸಿದಳು. ಗಾರೆಯವನಿಗೆ ಕೂಲಿ ಅವಳು ಹಿಂಡಿದ ಎಣ್ಣೆ, ಅವಳು ನೇಯ್ದ ಕಂಬಳಿ. ಸುಣ್ಣ ಹೊತ್ತವಳೂ ಅವಳೇ. ಪ್ರತಿ ವರ್ಷ ಜಾಮಾ ಬಂದು ಒಡ್ಡುಗಳ ಮೇಲೆ ಒಮ್ಮೆ ನಡೆದು, “ಗೋಡೆ ಚೆನ್ನಾಗಿದೆ” ಎನ್ನುತ್ತಿದ್ದ. ಗೋಡೆ ತಾನಾಗಿ ಬೆಳೆದದ್ದೇನೋ ಎನ್ನುವ ಹಾಗೆ.

ಇದೆಲ್ಲ ನಡೆಯುವಾಗ ಅತ್ತೆ ಮಮ್ಮಾಸ್ ಹಳೆಯ ಮನೆಯ ಮಾಳಿಗೆಯ ಮೇಲೆ ಉಣ್ಣೆ ನೂಲುತ್ತ ಕೂತಿರುತ್ತಿದ್ದಳು. ಅಲ್ಲಿಂದ ಇಳಿಜಾರು ಪೂರ್ತಿ ಕಾಣುತ್ತಿತ್ತು. ಅವಳ ಕಂಠವೂ ಅಲ್ಲಿಯವರೆಗೆ ತಲುಪುತ್ತಿತ್ತು.

“ಏ ಹುಡುಗಿ, ಆ ಕಲ್ಲನ್ನ ಹೊಟ್ಟೆ ಮುಂದೆ ಮಾಡಿ ಇಟ್ಟಿದ್ದೀಯ. ಮೊದಲನೇ ಮಳೆಗೇ ಉರುಳತ್ತೆ.”

ಇಜ್ಜಾ ಕಲ್ಲು ತೆಗೆದು ತಿರುಗಿಸಿ ಇಡುತ್ತಿದ್ದಳು. ಬೈಗುಳ ನುಂಗುತ್ತಿದ್ದಳು.

ಎರಡು ಸಲ ಬಸಿರಾದಳು, ಎರಡು ಸಲವೂ ಉಳಿಯಲಿಲ್ಲ. ಮುಂದೆ ಮೈದುನ ಬೆಲೈದ್ ಕಾಸಾ ಬಿಟ್ಟು ಊರಿಗೆ ಮರಳಿ ಹಿಟ್ಟಿನ ಗಿರಣಿ ಹಾಕಿದ. ಹಳೆಯ ಮನೆ, ತಾಯಿ ಅವನ ಪಾಲಿಗೆ ಹೋದವು. ಇಜ್ಜಾ ಮತ್ತು ಜಾಮಾ ಇಳಿಜಾರಿನ ತಲೆಯ ಮೇಲೆ ಎರಡು ಕೋಣೆ ಕಟ್ಟಿಕೊಂಡರು. ಜಾಮಾ ಆ ಕೋಣೆಗಳಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ಆಗಲಿಕ್ಕಿಲ್ಲ. ಶ್ವಾಸಕೋಶದ ಕಾಯಿಲೆಯಾಗಿ ಐವತ್ತೆಂಟನೆಯ ವಯಸ್ಸಿಗೆ ಅವನು ಊರಿಗೆ ಬಂದು ಮಲಗಿದ. ಎರಡು ತಿಂಗಳು ಅವನನ್ನು ಎತ್ತಿ ಕೂರಿಸಿ, ಒರೆಸಿ, ಉಣಿಸಿದವಳು ಇಜ್ಜಾ. ಅವರಿಬ್ಬರೂ ಒಟ್ಟಿಗೆ ಇದ್ದ ಎಲ್ಲಕ್ಕಿಂತ ಉದ್ದದ ಕಾಲ ಅದೇ.

ಹೆಣ ಎತ್ತುವ ಮುಂಚೆ, ಪದ್ಧತಿಯಂತೆ, ಸತ್ತವನನ್ನು ಕ್ಷಮಿಸಿರೆಂದು ಎಲ್ಲರನ್ನೂ ಕೇಳಿದರು. ಅಂಗಳದ ಗಂಡಸರು ಕ್ಷಮಿಸಿದೆವು ಎಂದರು. ಒಳಗಿನ ಹೆಂಗಸರೂ ಎಂದರು. ಇಜ್ಜಾ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಮೂರು ಸಲ ಹೇಳಿದಳು. “ಅವನ ಮೇಲೆ ನನ್ನದೇನಿದ್ದರೂ ಎಲ್ಲ ಬಿಟ್ಟೆ. ದೇವರ ಮುಂದೆ ಅವನು ನನಗೆ ಏನೂ ಬಾಕಿಯಿಲ್ಲ.” ಮನಸಾರೆ ಹೇಳಿದಳು. ಬಾರದೇ ಹೋದ ಎರಡು ಹಬ್ಬಗಳನ್ನು, ಮಕ್ಕಳಾಗದ್ದಕ್ಕೆ ಅಂದ ಒಂದು ಮಾತನ್ನು ನೆನೆದು ಹೇಳಿದಳು. ಹೇಳಿದ ಮೇಲೆ ಎದೆ ಹಗುರಾಯಿತು.

ಗಂಡ ಸತ್ತವಳ ನೇಮದಂತೆ ನಾಲ್ಕು ತಿಂಗಳು ಹತ್ತು ದಿನ ಬಿಳಿ ಉಟ್ಟು ಕೂತಳು. ಅದು ಮುಗಿದ ವಾರ ಬೆಲೈದ್ ಬಂದ. ಬರಿಗೈಲಿ ಬರಲಿಲ್ಲ, ಒಂದು ಚೀಲ ಹಿಟ್ಟು ತಂದಿದ್ದ.

“ಅತ್ತಿಗೆ, ಅಣ್ಣನ ಆಸ್ತಿ ಹಂಚಬೇಕು. ಮಕ್ಕಳಿಲ್ಲ, ಹಾಗಾಗಿ ನಿಮಗೆ ನಾಲ್ಕರಲ್ಲಿ ಒಂದು ಪಾಲು. ಅಮ್ಮಂದು ಅಮ್ಮಂಗೆ, ಉಳಿದದ್ದು ನಂಗೆ. ನಾಲ್ಕನೇ ಪಾಲಲ್ಲಿ ಏನು ಬರತ್ತೆ, ಎರಡು ಹೊಲಾನೂ ಇಲ್ಲ. ಒಬ್ರೇ ಇಲ್ಲಿದ್ದು ಏನ್ಮಾಡ್ತೀರಿ? ನಿಮ್ಮಣ್ಣನ ಮನೆಗಾದ್ರೂ ಹೋಗಿ, ನಮ್ಮನೆಗಾದ್ರೂ ಬನ್ನಿ. ನಿಮ್ಮ ರೊಟ್ಟಿಗೆ ಕೊರತೆ ಮಾಡಲ್ಲ.”

“ನಾಲ್ಕನೇ ಪಾಲು ಹೆಂಡತಿ ಪಾಲು. ಅದು ಸರಿ. ನನ್ನ ದುಡಿಮೆ ಪಾಲು?” ಎಂದಳು ಇಜ್ಜಾ.

ಇದು ಆ ಬೆಟ್ಟಗಳ ಹಳೆಯ ನ್ಯಾಯ. ಮದುವೆಯಾದ ಮೇಲೆ ಮನೆಗೆ ಕೂಡಿದ್ದರಲ್ಲಿ ಮೊದಲು ಹೆಂಗಸಿನ ದುಡಿಮೆಯ ಪಾಲನ್ನು ತೆಗೆದಿಡಬೇಕು. ಉಳಿದದ್ದು ಮಾತ್ರ ಸತ್ತವನ ಆಸ್ತಿ. ಊರಿನಲ್ಲಿ ಎಲ್ಲರಿಗೂ ಇದು ಗೊತ್ತು. ಕೇಳಿ ಪಡೆದವರು ಮಾತ್ರ ಕಡಿಮೆ.

ಬೆಲೈದ್ ನೆಲ ನೋಡುತ್ತ ಹೇಳಿದ. “ಅದನ್ನ ನೀವೇ ಬಿಟ್ಟಿರಲ್ಲ, ಅತ್ತಿಗೆ. ಹೆಣದ ಮುಂದೆ ಮೂರು ಸಲ ಹೇಳಿದ್ರಿ, ಎಲ್ಲ ಬಿಟ್ಟೆ ಅಂತ. ನಲವತ್ತು ಜನ ಕೇಳಿದಾರೆ.”

ಇಜ್ಜಾ ಹಿಟ್ಟಿನ ಚೀಲವನ್ನು ಗೋಡೆಗೆ ಒರಗಿಸಿದಳು. ಹೇಳಿದ್ದು ನಿಜ.

ಮುಂದಿನ ದಿನಗಳಲ್ಲಿ ಊರೂ ಅದನ್ನೇ ಅಂದಿತು. ಪಾಪ, ಬಾಯಿಬಿಟ್ಟು ಹೇಳಿಬಿಟ್ಟಳಲ್ಲ. ಅವಳಿಗೂ ಹಾಗೆಯೇ ಅನಿಸಿತು. ಮನೆ, ಹೊಲ ಹೋಗಿ ಇನ್ನೊಬ್ಬರ ಅಡುಗೆಮನೆಯಲ್ಲಿ ಬದುಕು ಸವೆಯುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ತನ್ನ ಪಾಲನ್ನು ಕೇಳಿದರೆ ಕೊಟ್ಟ ಕ್ಷಮೆಯನ್ನು ಮರಳಿ ಕಿತ್ತುಕೊಂಡಂತಾಗುತ್ತದೆಯೇ? ಗೋರಿಯಲ್ಲಿ ಜಾಮಾನ ಮೇಲೆ ಹೊರೆ ಬೀಳುತ್ತದೆಯೇ? ಹೊಲ ಕೇಳುವುದಕ್ಕಲ್ಲ, ಇದನ್ನು ಕೇಳುವುದಕ್ಕೆ ಅವಳು ಮಸೀದಿಗೆ ಹೋದಳು.

ಮಸೀದಿಯ ಪಕ್ಕದ ಕೋಣೆಯಲ್ಲಿ ಹೆಂಗಸರ ಅಕ್ಷರ ತರಗತಿ ಆಗತಾನೇ ಮುಗಿದಿತ್ತು. ಕಲಿಸುವವಳು ಕಲ್ತೂಮ್, ಅಗಾದೀರ್ ಪಟ್ಟಣದಲ್ಲಿ ಓದಿ ಬಂದವಳು. ಗೋಡೆಯ ಮೇಲೆ ಅಕ್ಷರಮಾಲೆಯ ಪಕ್ಕ ಅವಳು ಒಂದು ದೊಡ್ಡ ಕಾಗದ ಅಂಟಿಸಿದ್ದಳು, ಲೋಕದ ದೇಶಗಳೆಲ್ಲ ಸೇರಿ ಬರೆದ ಮನುಷ್ಯರ ಹಕ್ಕುಗಳ ಪತ್ರ. ಸಿ ಬಿಹಿಗೆ ಅದು ಹಿಡಿಸಿರಲಿಲ್ಲ. ಅಲ್ಲಾಹನ ಹೆಸರಿನ ಫಲಕಕ್ಕಿಂತ ಒಂದು ಮೊಳ ಕೆಳಗಿರಲಿ ಎಂಬ ಕರಾರಿನ ಮೇಲೆ ಬಿಟ್ಟಿದ್ದರು. ದೊಡ್ಡಪ್ಪ ಮತ್ತು ತಮ್ಮನ ಮಗಳು ಆ ಮೊಳದ ಲೆಕ್ಕಕ್ಕೆ ವಾರಕ್ಕೊಮ್ಮೆ ಜಗಳವಾಡುತ್ತಿದ್ದರು.

ಇಜ್ಜಾ ಹೇಳಿದ್ದನ್ನು ಸಿ ಬಿಹಿ ಕಣ್ಣುಮುಚ್ಚಿ ಕೇಳಿದರು. ಆಮೇಲೆ, ಹೆಂಗಸರನ್ನು ಗೌರವದಿಂದ ಕರೆಯುವಂತೆ, “ಲಲ್ಲಾ ಇಜ್ಜಾ, ನಿಮ್ಮ ಕತ್ತೆಯನ್ನ ನನ್ನ ಕೊಟ್ಟಿಗೆಯಲ್ಲಿ ಕಟ್ಟಿದ್ದೀರಿ ಅಂತ ಇಟ್ಕೊಳ್ಳಿ. ನಾನು ಸತ್ತೆ. ನೀವು ಬಂದು, ಸಿ ಬಿಹಿ ನಂಗೇನೂ ಬಾಕಿಯಿಲ್ಲ, ಎಲ್ಲ ಬಿಟ್ಟೆ ಅಂದ್ರಿ. ಕತ್ತೆ ನನ್ನ ಮಗಂದಾಗತ್ತಾ?” ಎಂದರು.

“ಅದು ಹೇಗಾಗತ್ತೆ. ಕತ್ತೆ ನಂದು.”

“ಆ ಒಡ್ಡೂ ಹಾಗೇ. ಅವನು ನಿಮಗೆ ಕೊಡಬೇಕಾಗಿದ್ದ ಸಾಲ ಅಲ್ಲ ಅದು. ಅವನ ಹೆಸರಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ನಿಮ್ಮ ಸ್ವತ್ತು. ಸಾಲವನ್ನ ಕ್ಷಮಿಸಬಹುದು. ನಮ್ಮ ಸ್ವತ್ತನ್ನ ನಾವೇ ಕ್ಷಮಿಸೋದು ಅಂತ ಇಲ್ಲ. ಗಂಡಸು ಗಳಿಸಿದ್ದರಲ್ಲಿ ಗಂಡಸಿಗೆ ಪಾಲು, ಹೆಂಗಸು ಗಳಿಸಿದ್ದರಲ್ಲಿ ಹೆಂಗಸಿಗೆ ಪಾಲು ಅಂತ ದೇವರೇ ಹೇಳಿದಾನೆ. ನಿಮ್ಮ ಕ್ಷಮೆ ಜಾಮಾ ಹತ್ತಿರ ಭದ್ರವಾಗಿದೆ. ನೀವು ನೆಮ್ಮದಿಯಾಗಿರಿ.”

ಇಜ್ಜಾಳ ಕಣ್ಣು ತುಂಬಿತು. ಹೊಲದ ಯೋಚನೆ ಇನ್ನೂ ಬಂದಿರಲಿಲ್ಲ. ಜಾಮಾನ ಮೇಲೆ ಹೊರೆಯಿಲ್ಲ ಎಂಬುದೇ ಸಾಕಾಗಿತ್ತು.

ಹಲಗೆ ಒರೆಸುತ್ತಿದ್ದ ಕಲ್ತೂಮ್ ತಿರುಗಿದಳು. “ನನ್ನ ಕಾಗದದಲ್ಲೂ ಅದೇ ಇದೆ ದೊಡ್ಡಪ್ಪ. ಯಾರ ಆಸ್ತಿಯನ್ನೂ ಅನ್ಯಾಯವಾಗಿ ಕಸಿಯೋ ಹಾಗಿಲ್ಲ. ಹೆಣ್ಣು, ಗಂಡು, ಎಲ್ಲರಿಗೂ ಒಂದೇ.”

“ಯಾರು ಬರೆದದ್ದು ಅದು?”

“ಎಲ್ಲ ಸೀಮೆಯವರೂ. ಮುಸಲ್ಮಾನರೂ ಕೂತಿದ್ರು, ಹೆಂಗಸರೂ ಕೂತಿದ್ರು.”

“ಹಂಗಾದ್ರೆ ಅವರಿಗೆ ಅಷ್ಟಾದ್ರೂ ಬುದ್ಧಿ ಇತ್ತು. ನಮ್ಮ ಬೆಟ್ಟದ ಹಳೇ ಕಾಜಿಗಳು ಇದನ್ನ ಅವರಿಗಿಂತ ನಾನೂರು ವರ್ಷ ಮೊದಲೇ ಬರೆದಿಟ್ಟಿದ್ರು.”

“ಬರೆದಿಟ್ಟು ಪೆಟ್ಟಿಗೆಯಲ್ಲಿ ಇಟ್ಟಿದ್ರು. ನಾನು ಗೋಡೆಗೆ ಅಂಟಿಸಿದೆ.”

ಇಜ್ಜಾ ಕಣ್ಣೊರೆಸಿಕೊಂಡು ಎದ್ದಳು. “ನಿಮ್ಮಿಬ್ಬರ ಕಾಗದಾನೂ ಒಂದೇ ಮಾತು ಹೇಳತ್ತೆ. ಸಂತೋಷ. ಜಗಳ ಯಾತಕ್ಕೆ? ಎರಡೂ ಒಂದು ಕೊಡ ನೀರಂತೂ ಹೊತ್ತಿಲ್ಲ.”

ಸಿ ಬಿಹಿ ನಕ್ಕರು. ಆದರೆ ತೊಡಕು ಉಳಿದಿತ್ತು. ದುಡಿಮೆಯ ಪಾಲಿಗೆ ಕಣ್ಣಾರೆ ಕಂಡ ಸಾಕ್ಷಿ ಬೇಕು. ಆ ವರ್ಷಗಳಲ್ಲಿ ಊರಿನ ಗಂಡಸರೆಲ್ಲ ಅಂಗಡಿಗಳಲ್ಲಿದ್ದರು. ಸಿ ಬಿಹಿ ಕೂಡ ಆಗ ದೂರದ ಮದರಸಾದಲ್ಲಿದ್ದರು. ಒಡ್ಡು ಕಟ್ಟಿದ್ದನ್ನು ನೋಡಿದ ಗಂಡಸು ಒಬ್ಬನೂ ಈಗ ಬದುಕಿಲ್ಲ.

“ಹೆಂಗಸರು ನೋಡಿದಾರೆ” ಎಂದಳು ಇಜ್ಜಾ.

ಸಿ ಬಿಹಿ ಗಡ್ಡ ನೀವಿಕೊಂಡು ಯೋಚಿಸಿದರು. ಕೊನೆಗೆ ಹೇಳಿದರು. “ಮಗು ಹುಟ್ಟಿದಾಗ ಅತ್ತಿತೋ ಇಲ್ಲವೋ ಅನ್ನೋದಕ್ಕೆ ಇಬ್ಬರು ಹೆಂಗಸರ ಸಾಕ್ಷಿ ಸಾಕು. ಯಾಕೆ? ಗಂಡಸು ಅಲ್ಲಿರಲ್ಲ. ನಮ್ಮೂರಲ್ಲಿ ಗಂಡಸು ಎಲ್ಲೂ ಇರಲಿಲ್ಲ. ಅಂದ ಮೇಲೆ ಒಡ್ಡಿಗೂ ಅದೇ ನ್ಯಾಯ. ಇಬ್ಬರನ್ನ ಕರ್ಕೊಂಡು ಬನ್ನಿ.”

ತೂದಾ ಆ ಕ್ಷಣವೇ ಒಪ್ಪಿದಳು. ಅವಳು ಗಂಡನಿಲ್ಲದವಳು, ಅಂಜಿಕೆಯೂ ಇಲ್ಲದವಳು. ಎರಡನೆಯವರು ಸಿಗಲಿಲ್ಲ. ಒಬ್ಬಳು ಮೊಣಕಾಲು ನೋವೆಂದಳು, ಇನ್ನೊಬ್ಬಳು ಆಗ ತಾನು ತವರಿನಲ್ಲಿದ್ದೆ ಎಂದಳು. ಎಲ್ಲರ ಕಾಳೂ ಬೆಲೈದನ ಗಿರಣಿಗೆ ಹೋಗಬೇಕು. ಇಜ್ಜಾ ಯಾರನ್ನೂ ದೂರಲಿಲ್ಲ. ಹತ್ತು ಜನಕ್ಕೆ ರೊಟ್ಟಿ ಸುಡಬೇಕಾದವಳು ಗಿರಣಿಯವನನ್ನು ಎದುರು ಹಾಕಿಕೊಳ್ಳುವುದು ಸುಲಭವಲ್ಲ.

ಶುಕ್ರವಾರ ನಮಾಜಿನ ನಂತರ ಇಳಿಜಾರಿನ ತಲೆಯ ಮೇಲೆ ಎಲ್ಲರೂ ಸೇರಿದರು. ಸಿ ಬಿಹಿ, ಊರಿನ ಮೂವರು ಹಿರಿಯರು, ಬೆಲೈದ್, ಒಂದಿಷ್ಟು ಹೆಂಗಸರು. ತೂದಾ ಒಡ್ಡಿನಿಂದ ಒಡ್ಡಿಗೆ ಇಳಿಯುತ್ತ ತಾನು ಕಂಡದ್ದನ್ನು ಹೇಳಿದಳು. ಬೆಲೈದ್ ಮಧ್ಯೆ ಬಾಯಿ ಹಾಕಿದ.

“ಹೆಂಗಸರೆಲ್ಲ ಸಾಕ್ಷಿ ಹೇಳೋಕೆ ನಿಂತರೆ ಗಂಡಸರಿಗೆ ಉಳಿಯೋದೇನು?”

“ಕಾಸಾಬ್ಲಾಂಕಾ ಉಳೀತಲ್ಲ, ಬೆಲೈದಣ್ಣ” ಎಂದಳು ತೂದಾ.

ಹಿರಿಯರಲ್ಲೊಬ್ಬರು ಕೆಮ್ಮಿ ನಗೆ ಮುಚ್ಚಿಕೊಂಡರು. ಸಿ ಬಿಹಿ ಎರಡನೆಯ ಸಾಕ್ಷಿಯನ್ನು ಕರೆದರು. ಯಾರೂ ಮುಂದೆ ಬರಲಿಲ್ಲ. ಮತ್ತೊಮ್ಮೆ ಕರೆದರು. ಇಜ್ಜಾ ತಲೆ ತಗ್ಗಿಸಿ ನಿಂತಿದ್ದಳು. ಅಣ್ಣನ ಮನೆಯ ಒಲೆ, ಅಣ್ಣನ ಹೆಂಡತಿಯ ಮುಖ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಹಿಂದಿನಿಂದ ಊರುಗೋಲಿನ ಸದ್ದು ಕೇಳಿತು. ಮಮ್ಮಾಸ್ ಬರುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಮೂರು ಕಡೆ ಕೂತು ಸುಧಾರಿಸಿಕೊಂಡು ಬಂದಿದ್ದಳು.

“ಅಮ್ಮಾ, ನೀನ್ಯಾಕೆ ಈ ಬಿಸಿಲಲ್ಲಿ ಬಂದೆ?” ಎಂದ ಬೆಲೈದ್.

“ಸಾಕ್ಷಿ ಕೇಳ್ತಿದಾರಂತಲ್ಲ. ನನ್ನಷ್ಟು ನೋಡಿದವಳು ಇನ್ಯಾರು?”

ಇಜ್ಜಾಗೆ ಉಳಿದ ಆಸೆಯೂ ಹೋಯಿತು. ಇವಳು ಇನ್ನೇನು ಹೇಳಿಯಾಳು. ತಾನು ಸೊಸೆಯಾಗಿ ಬಂದಾಗಿನಿಂದ ತನ್ನ ಬಗ್ಗೆ ಒಂದು ಒಳ್ಳೆಯ ಮಾತಾಡಿದವಳಲ್ಲ.

ಮಮ್ಮಾಸ್ ಒಡ್ಡಿನ ಮೇಲೆ ಕೂತಳು. “ಸಿ ಬಿಹಿ, ನಂಗೆ ಈ ಹುಡುಗಿ ಕಂಡರೆ ಆಗ್ತಿರಲಿಲ್ಲ. ಅದು ಊರಿಗೇ ಗೊತ್ತು. ಇವಳ ತಪ್ಪು ಹುಡುಕಬೇಕು ಅಂತ್ಲೇ ದಿನಾ ಮಾಳಿಗೆ ಮೇಲೆ ಕೂರ್ತಿದ್ದೆ. ಅದಕ್ಕೇ ಎಲ್ಲ ನೋಡಿದೀನಿ. ಪ್ರೀತಿ ಇದ್ದವರು ಒಂದು ನೋಡಿದರೆ ಒಂದು ಬಿಡ್ತಾರೆ. ನಾನು ಒಂದು ಕಲ್ಲೂ ಬಿಟ್ಟಿಲ್ಲ.”

ಮುದುಕಿ ಕೋಲು ಚಾಚಿ ತೋರಿಸತೊಡಗಿದಳು.

“ಆ ಮೂರನೇ ಒಡ್ಡು ಎರಡು ಸಲ ಬಿತ್ತು. ಮೊದಲನೇ ಸಲ ನಾನು ಹೇಳಿದ ಹಾಗೆ ಕಟ್ಟದೆ ಬಿತ್ತು, ಎರಡನೇ ಸಲ ನಾನು ಹೇಳಿದ ಹಾಗೆ ಕಟ್ಟಿ ಬಿತ್ತು. ಮೂರನೇ ಸಲ ತನಗೆ ತಿಳಿದ ಹಾಗೆ ಕಟ್ಟಿದಳು, ಈಗಲೂ ನಿಂತಿದೆ. ಐದನೇ ಒಡ್ಡಿನ ಮಣ್ಣು ಹಳ್ಳದಿಂದ ಬಂದದ್ದು. ಬುಟ್ಟಿ ಎಣಿಸ್ತಿದ್ದೆ ನಾನು, ದಿನಕ್ಕೆ ಮೂವತ್ತು. ಇಪ್ಪತ್ತೊಂಬತ್ತಾದರೆ ಬೈತಿದ್ದೆ.” ಕೋಲನ್ನು ತೊಟ್ಟಿಯ ಕಡೆ ತಿರುಗಿಸಿದಳು. “ತೊಟ್ಟಿ ಕಟ್ಟೋ ವರ್ಷ ಇವಳಿಗೆ ಎರಡನೇ ಬಸಿರು ಹೋಯ್ತು. ನಾಲ್ಕನೇ ದಿನಕ್ಕೆ ಸುಣ್ಣ ಹೊತ್ತಳು. ಹೋಗು ಅಂದವಳು ನಾನೇ. ಅದನ್ನೂ ಬರಕೋ.”

ಇಜ್ಜಾ ಮೊದಲ ಬಾರಿ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮಮ್ಮಾಸ್ ನೋಡಲಿಲ್ಲ.

“ಅಮ್ಮಾ, ಅತ್ತಿಗೆ ಪಾಲು ಮೊದಲು ತೆಗೆದರೆ ನಿನ್ನ ಪಾಲೂ ಕಡಿಮೆ ಆಗತ್ತೆ” ಎಂದ ಬೆಲೈದ್ ಮೆಲ್ಲಗೆ.

“ಆಗಲಿ. ನನ್ನ ಹಲ್ಲಿಗೆ ಬಾದಾಮಿ ಎಷ್ಟು ಬೇಕು?”

ಸಿ ಬಿಹಿ ಹಿರಿಯರ ಜೊತೆ ಮಾತಾಡಿ ತೀರ್ಮಾನ ಹೇಳಿದರು. ಏಳು ಹೊಲ, ತೊಟ್ಟಿ, ಎರಡು ಕೋಣೆ, ಎಲ್ಲದರಲ್ಲೂ ಅರ್ಧ ಇಜ್ಜಾಳ ಸ್ವಂತದ್ದು. ಅದು ಯಾರೂ ಕೊಟ್ಟದ್ದಲ್ಲ. ಉಳಿದ ಅರ್ಧವೇ ಜಾಮಾನದು. ಅದರಲ್ಲಿ ಹೆಂಡತಿಗೆ ನಾಲ್ಕನೆಯ ಪಾಲು. ಕೋಣೆಗಳು, ತೊಟ್ಟಿ, ಮೇಲಿನ ಹೊಲಗಳು ಅವಳಲ್ಲೇ ಉಳಿಯುವಂತೆ ಗಡಿ ಹಾಕಿದರು. ಬೆಲೈದ್ ಮುಖ ಬಿಗಿದುಕೊಂಡೇ ಬೆರಳೊತ್ತಿದ. ಕೆಟ್ಟವನಲ್ಲ ಅವನು. ಇಜ್ಜಾಗೆ ಮುಂದೆಯೂ ಹಿಟ್ಟು ಬೀಸಿಕೊಟ್ಟ. ಆದರೆ ಅಂದಿನಿಂದ ಅವಳು ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಬೀಸಿಸಿಕೊಂಡಳು, ಅವನ ಮುಂದೆ ತಲೆ ತಗ್ಗಿಸುವ ಅಗತ್ಯ ಬೀಳಲಿಲ್ಲ. ಅವನ ಮನೆಯಲ್ಲಿ ಉಂಡಿದ್ದರೆ ತುತ್ತುತುತ್ತಿಗೂ ಉಪಕಾರ ಹೇಳಬೇಕಿತ್ತು. ತನ್ನದು ತನ್ನ ಕೈಗೆ ಬಂದ ಮೇಲೆ, ಯಾರಿಗೆ ಉಪಕಾರ ಹೇಳಬೇಕೆಂಬುದನ್ನು ಅವಳೇ ಆರಿಸಿಕೊಳ್ಳಬಹುದಾಯಿತು. ಅವಳ ಆಯುಸ್ಸಿನಲ್ಲಿ ಅದು ಹೊಸತು.

ಆ ಶುಕ್ರವಾರ ಅಲ್ಲೇ, ಮೊದಲು ಅತ್ತೆಯ ಹತ್ತಿರ ಹೋಗಿ ಬಗ್ಗಿ ಅವಳ ಕೈಗೆ ಮುತ್ತಿಟ್ಟಳು. ಮಮ್ಮಾಸ್ ಕೈ ಎಳೆದುಕೊಂಡಳು.

“ಬಿಡು. ಕಂಡದ್ದು ಹೇಳಿದೆ. ನಿಂಗೇನು ದಾನ ಮಾಡಲಿಲ್ಲ.” ಆಮೇಲೆ, ಕಾಗದ ಮಡಿಸುತ್ತಿದ್ದ ಸಿ ಬಿಹಿಯ ಕಡೆ ತಿರುಗಿದಳು. “ನಮ್ಮ ಯಜಮಾನರು ಸತ್ತು ಇಪ್ಪತ್ತೆಂಟು ವರ್ಷ ಆಯ್ತು. ಆಗ ಈ ಜಾಗದಲ್ಲಿ ನಿಮ್ಮಪ್ಪ ಕೂತಿದ್ರು. ನಿನ್ನ ದುಡಿಮೆ ಏನು ಅಂತ ನನ್ನ ಯಾರೂ ಕೇಳಲಿಲ್ಲ.”

“ಕೇಳಬೇಕಿತ್ತು” ಎಂದರು ಸಿ ಬಿಹಿ. “ಆದರೆ ಲಲ್ಲಾ, ಆ ಆಸ್ತಿ ಹಂಚಿ ಹೋಗಿದೆ. ಈಗ ಏನಂತ ಕೊಡಿಸಲಿ?”

“ಕೊಡಿಸು ಅಂದೆನಾ? ಮಮ್ಮಾಸ್ ದುಡಿದಿದ್ದಳು ಅಂತ ಬರಿ. ಅಷ್ಟು ಸಾಕು.”

ಸಿ ಬಿಹಿ ಮಡಿಸಿದ ಕಾಗದದ ಮೇಲೆ ಕೈಯಿಟ್ಟರು. “ಸಾಕ್ಷಿ ಬೇಕಲ್ಲ. ನಿಮ್ಮ ಓರಗೆಯವರು ಯಾರೂ ಉಳಿದಿಲ್ಲ.”

“ನಾನಿದ್ದೀನಿ. ಮಾವ ತೀರಿಹೋಗೋಕೆ ಮುಂಚೆ ಏಳು ವರ್ಷ ಆ ಮನೇಲಿ ಇದ್ದೆ. ಮಾಳಿಗೆ ಮೇಲೆ ಕೂತು ನೂಲಿದ್ದು ಮಾತ್ರ ಅಲ್ಲ ಅತ್ತೆ. ಅದಕ್ಕೆ ಮೊದಲು ದಿನದ ಕೆಲಸ ಎಲ್ಲ ಮುಗಿಸಿರ್ತಿದ್ರು” ಎಂದಳು ಇಜ್ಜಾ.

“ನಾನೂ ಈ ಊರಲ್ಲೇ ಹುಟ್ಟಿದವಳು, ಚಿಕ್ಕಂದಿನಿಂದ ನೋಡಿದೀನಿ” ಎಂದಳು ತೂದಾ.

ಸಿ ಬಿಹಿ ಮಡಿಸಿದ ಕಾಗದವನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ತೆಗೆದರು. ಇಬ್ಬರೂ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಹಳೆಯ ಮನೆಯ ಹಿಂದಿನ ಗೋಡೆ, ಒಳಗಿನ ಒಲೆ, ಆಲಿವ್ ಗಿಡಗಳಿಗೆ ಮೂರು ಬೇಸಗೆ ಹೊತ್ತ ನೀರು, ಹಾಸಿಗೆ ಹಿಡಿದ ಮಾವನ ಆರೈಕೆ. ಬೆಲೈದ್ ತಾಯಿಗೆ ಬಿಸಿಲು ತಾಗದಂತೆ ತನ್ನ ನಿಲುವಂಗಿಯ ತುದಿಯನ್ನು ಹಿಡಿದು ನಿಂತಿದ್ದ. ಹೊರಟುಹೋಗಲಿಲ್ಲ.

“ಓದು” ಎಂದಳು ಮಮ್ಮಾಸ್.

ಸಿ ಬಿಹಿ ಓದಿದರು. ಮುದುಕಿ ಕಣ್ಣುಮುಚ್ಚಿ ಕೇಳಿ, ಒಂದು ಕಡೆ ಕೈಯೆತ್ತಿದಳು.

“ಎರಡು ಹಸು ಅಂತ ಬರೆದಿದೀಯ. ಮೂರು ಸಾಕಿದ್ದೆ.”

ಸಿ ಬಿಹಿ ಇಜ್ಜಾಳ ಮುಖ ನೋಡಿದರು.

“ಮೂರು” ಎಂದಳು ಇಜ್ಜಾ. “ಕಪ್ಪು ಹಸು ಹಾಯ್ತಿತ್ತು ಅಂತ ಅದನ್ನ ಅತ್ತೆ ಬೇರೆ ಕಟ್ತಿದ್ರು. ಬರೆಯಿರಿ.”